ಭಟ್ಟಿ ಓಣಿಯವರ ಅರ್ಜಿ

ನಾವು ಅದನ್ನು ರೇಡಿಯೋ ಅನ್ನುತ್ತಿದ್ದೆವು. ಆಕಾಶದಲ್ಲಿ ಹಾರಿ ಹೋಗುವಂಥದ್ದೇನೂ ಅಲ್ಲ ಅದು. ಒಂದು ಹಳೆಯ ಆಂಪ್ಲಿಫೈಯರ್, ಒಂದು ಮೈಕು, ಒಂದು ಟೇಪ್‌ರೆಕಾರ್ಡರ್, ವೈರು ಎಳೆದು ಕಾಲೇಜಿನ ನಾಲ್ಕು ಮೂಲೆಗೆ ಕಟ್ಟಿದ ನಾಲ್ಕು ಹಾರ್ನು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ದಾವಣಗೆರೆಯ ಆ ಕಾಲೇಜಿನಲ್ಲಿ ನಾನು ಬಿ.ಎ. ಓದುತ್ತಿದ್ದಾಗ, ಲೈಬ್ರರಿ ಪಕ್ಕದ ಕೋಣೆಯಲ್ಲಿ ಕೂತು ನಾವು ಆರೇಳು ವಿದ್ಯಾರ್ಥಿಗಳು ದಿನಾ ಸಂಜೆ ಐದರಿಂದ ಆರರವರೆಗೆ ಅದನ್ನು ನಡೆಸುತ್ತಿದ್ದೆವು. ಹಾಡು ಹಾಕುತ್ತಿದ್ದೆವು, ಕತೆ ಓದುತ್ತಿದ್ದೆವು, ಯಾರದೋ ಸೈಕಲ್ ಕೀಲಿ ಸಿಕ್ಕಿದೆ ಬಂದು ತಗೊಳ್ಳಿ ಎಂದು ಹೇಳುತ್ತಿದ್ದೆವು. ಮೇಷ್ಟ್ರುಗಳು ಯಾರೂ ಆ ಕಡೆ ತಲೆ ಹಾಕುತ್ತಿರಲಿಲ್ಲ.

ನಾನು ಹರಿಹರದವಳು. ಅಪ್ಪ ಅಲ್ಲಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಬಸ್ಸು ಹಿಡಿದು ಬಂದರೆ ಸಂಜೆ ರೇಡಿಯೋ ಮುಗಿಸಿ ಆರೂವರೆ ಬಸ್ಸಿಗೆ ವಾಪಸ್. ಮೈಕಿನ ಮುಂದೆ ಕೂರುವ ಕೆಲಸ ಹೆಚ್ಚಾಗಿ ನನ್ನದೇ ಆಗಿತ್ತು, ಯಾಕೆಂದರೆ ನನ್ನ ದನಿ ದೊಡ್ಡದು ಮತ್ತು ಬೇರೆ ಯಾರಾದರೂ ಕೂತರೆ ನಾನು ಸುಮ್ಮನಿರುತ್ತಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಈಗಲೂ ಇದೆ, ಆದರೆ ಈಗ ಅದಕ್ಕೆ ಬಿ.ಪಿ. ಅನ್ನುತ್ತಾರೆ.

ಕಾಲೇಜಿನ ಹಿಂದಿನ ಗೋಡೆಯಾಚೆಗೆ ಮಂಡಕ್ಕಿ ಭಟ್ಟಿಗಳ ಓಣಿ. ಭತ್ತ ನೆನೆಸುವುದು, ಬೇಯಿಸುವುದು, ಒಣಗಿಸುವುದು, ಅಕ್ಕಿ ಮಾಡಿಸಿ ಬಿಸಿ ಮರಳಿನಲ್ಲಿ ಹುರಿಯುವುದು, ಎಲ್ಲ ಅಲ್ಲೇ. ಮಧ್ಯಾಹ್ನ ಗಾಳಿ ನಮ್ಮ ಕಡೆ ಬೀಸಿದರೆ ಕ್ಲಾಸಿನ ತುಂಬ ಹೊಟ್ಟಿನ ಹೊಗೆ. ಒಂದು ಸಂಜೆ ಆ ಓಣಿಯಿಂದ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಗೇಟಿಗೆ ಬಂದು, ರೇಡಿಯೋದವರ ಮೇಲೆ ಕಂಪ್ಲೇಂಟ್ ಐತೆ ಎಂದು ಕಾವಲುಗಾರನ ಹತ್ತಿರ ಜೋರು ಮಾಡಿದಳು. ಸದ್ದಿಗೆ ಬೈಯಲು ಬಂದಿದ್ದಾಳೆ ಎಂದು ನಾನೂ ಜಗಳಕ್ಕೆ ತಯಾರಾಗಿಯೇ ಹೋದೆ.

"ನಿಮ್ದು ರೇಡಿಯೋ ನಮ್ಗೆ ಅರ್ಧ ಕೇಳ್ತೈತೆ, ಅರ್ಧ ಕೇಳಲ್ಲ," ಅಂದಳು. "ನಿನ್ನೆ ಕತೆಯಾಗೆ ಆ ಹುಡುಗಿ ಬಾವಿಗೆ ಬಿದ್ಲೋ ಇಲ್ಲೋ, ಅದೇ ಗೊತ್ತಾಗ್ಲಿಲ್ಲ. ಕೇಳ್ಸಿದ್ರೆ ಪೂರಾ ಕೇಳ್ಸು ಬೇಟಿ, ಇಲ್ಲಾಂದ್ರೆ ಬಂದ್ ಮಾಡು. ಅರ್ಧ ಕೇಳಿ ರಾತ್ರಿ ನಿದ್ದಿ ಬರಲ್ಲ."

ಮರುದಿನವೇ ಹಿಂದಿನ ಗೋಡೆಯ ಹಾರ್ನನ್ನು ಓಣಿಯ ಕಡೆಗೆ ತಿರುಗಿಸಿ ಕಟ್ಟಿದೆವು. ಅವತ್ತಿನಿಂದ ಆಕೆ ನನಗೆ ಖಾಲಾ, ಅಂದರೆ ಚಿಕ್ಕಮ್ಮ, ಆದಳು. ಗಂಡ ತೀರಿಕೊಂಡಿದ್ದ, ಭಟ್ಟಿ ಆಕೆಯದೇ, ಮನೆಯಲ್ಲಿ ಆಕೆ ಮತ್ತು ಒಬ್ಬಳೇ ಮಗಳು. ಮಗಳು ಒಂಬತ್ತನೇ ಕ್ಲಾಸು. ಲೆಕ್ಕದಲ್ಲಿ ಬಹಳ ಚುರುಕು, ಮಾತಿನಲ್ಲಿ ಮೆದು.

ಆ ಓಣಿಗೆ ಇಡೀ ಒಂದೇ ನಲ್ಲಿ. ನೀರು ಐದಾರು ದಿನಕ್ಕೊಮ್ಮೆ ಬರುತ್ತಿತ್ತು. ಯಾವ ದಿನ, ಎಷ್ಟು ಹೊತ್ತಿಗೆ ಅನ್ನುವುದು ದೇವರಿಗೇ ಗೊತ್ತು. ದೊಡ್ಡವರೆಲ್ಲ ಭಟ್ಟಿಯ ಮುಂದೆ ಬೆಂಕಿ ಬಿಟ್ಟು ಏಳುವಂತಿಲ್ಲ. ಹಾಗಾಗಿ ಮನೆಗೊಂದು ಹೆಣ್ಣುಮಗಳನ್ನು ಶಾಲೆ ತಪ್ಪಿಸಿ ನಲ್ಲಿಯ ಮುಂದೆ ಕೂರಿಸುವುದು ಅಲ್ಲಿಯ ರೂಢಿ. ಕೊಡ ಸಾಲಿಗಿಟ್ಟು, ಕೊಡದ ಹಿಂದೆ ಕೂತು, ಬಂದರೆ ಹಿಡಿಯಬೇಕು, ಬಾರದಿದ್ದರೆ ಸಂಜೆಗೆ ಎದ್ದು ಹೋಗಬೇಕು. ಗಂಡುಹುಡುಗರನ್ನು ಯಾರೂ ಕೂರಿಸುತ್ತಿರಲಿಲ್ಲ. ಯಾಕೆ ಎಂದು ನಾನು ಕೇಳಿದಾಗ ಖಾಲಾ ನಕ್ಕಳು. "ಗಂಡ್ಸು ಕೊಡ ಕಾಯ್ತಾನಾ? ಹತ್ತು ನಿಮಿಷಕ್ಕೆ ಗೋಲಿ ಆಡಕ್ಕೆ ಹೋಗ್ತಾನೆ."

ನೀರು ಬಿಡುವ ಮನುಷ್ಯ ದಿನಾ ನಾಲ್ಕು ಗಂಟೆಗೆ ನಮ್ಮ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದ. ನಾಳೆ ಯಾವ ಓಣಿಗೆ ಎಷ್ಟೊತ್ತಿಗೆ ಬಿಡುತ್ತೇನೆ ಅನ್ನುವುದು ಅವನಿಗೆ ಗೊತ್ತಿರುತ್ತಿತ್ತು. ಅವನನ್ನು ಈವರೆಗೆ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ, ಅಷ್ಟೇ. ನಾನು ಕೇಳಿದೆ, ಹೇಳಿದ. ಸಂಜೆ ಕತೆ ಮುಗಿದ ಮೇಲೆ "ನಾಳೆ ಭಟ್ಟಿ ಓಣಿಗೆ ಬೆಳಿಗ್ಗೆ ಏಳಕ್ಕೆ ನೀರು" ಎಂದು ಮೈಕಿನಲ್ಲಿ ಹೇಳಿದೆ. ಇದು ದಿನದ ಪರಿಪಾಠವಾಯಿತು. ಹೊತ್ತು ಮೊದಲೇ ಗೊತ್ತಾದರೆ ಒಬ್ಬರ ಭಟ್ಟಿಯನ್ನು ಇನ್ನೊಬ್ಬರು ನೋಡಿಕೊಂಡು ದೊಡ್ಡವರೇ ನೀರು ಹಿಡಿಯಬಹುದು. ಆ ಓಣಿಯ ಹುಡುಗಿಯರು ಹಾಜರಿ ತಪ್ಪದೆ ಶಾಲೆಗೆ ಹೋಗತೊಡಗಿದರು. ಖಾಲಾಳ ಮಗಳು ಒಂಬತ್ತು ಪಾಸಾಗಿ ಹತ್ತಕ್ಕೆ ಬಂದಳು. ಓಣಿಯಲ್ಲಿ ಹತ್ತನೇ ಕ್ಲಾಸಿನವರೆಗೆ ಬಂದ ಮೊದಲ ಹುಡುಗಿ ಅವಳು.

ನೀರಿನ ಹಿಂದೆ ಬೇರೆಯವೂ ಬಂದವು. ಯಾರದೋ ಮೇಕೆ ಕಳೆದದ್ದು, ಮಕ್ಕಳಿಗೆ ಹನಿ ಹಾಕುವ ದಿನ, ಕರೆಂಟು ಹೋಗುವ ಹೊತ್ತು, ಮೆಕ್ಕೆಜೋಳದ ರೇಟು, ತೀರಿಕೊಂಡವರ ಮಣ್ಣು ಎಷ್ಟೊತ್ತಿಗೆ ಅನ್ನುವುದು. ಓಣಿಯ ಬಾಯಿಯಲ್ಲಿ ಒಂದು ಕಿರಾಣಿ ಅಂಗಡಿ ಇತ್ತು. ಅದರ ಯಜಮಾನರು ಎಪ್ಪತ್ತು ದಾಟಿದ ಅಜ್ಜ, ಹಣೆ ತುಂಬ ವಿಭೂತಿ. ಪ್ರತಿ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ದೇವರ ದರ್ಶನಕ್ಕೆ ಹೋಗಿ ಬರುವವರು. ಅವರಿಗಾಗಿ ಅಮಾವಾಸ್ಯೆಯ ಹಿಂದಿನ ದಿನ ಉಕ್ಕಡಗಾತ್ರಿ ಬಸ್ಸಿನ ವೇಳೆಯನ್ನೂ ಹೇಳುತ್ತಿದ್ದೆವು.

ಹೀಗಿರುವಾಗ ಒಂದು ದಿನ ಪ್ರಿನ್ಸಿಪಾಲರು ನಮ್ಮನ್ನು ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ಯಾರಿಗೂ ಇಲ್ಲ ಅನ್ನಲಾರದ ಮನುಷ್ಯ. ಆಡಳಿತ ಮಂಡಳಿಗೆ ಕಂಪ್ಯೂಟರ್ ಇಡಲು ನಮ್ಮ ಕೋಣೆ ಬೇಕಾಗಿತ್ತು. ಅದನ್ನು ನೇರವಾಗಿ ಹೇಳಿದ್ದರೆ ನಾವು ಗೊಣಗಿಕೊಂಡು ಇನ್ನೊಂದು ಮೂಲೆ ಹುಡುಕುತ್ತಿದ್ದೆವು. ಅವರಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. "ಸುತ್ತಮುತ್ತಲಿನವರಿಗೆ ಸದ್ದಿನಿಂದ ತೊಂದರೆ ಆಗ್ತಿದೆಯಂತೆ. ಬರೋ ಒಂದನೇ ತಾರೀಖಿನಿಂದ ನಿಲ್ಲಿಸಿಬಿಡಿ," ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಅವತ್ತು ಸಂಜೆ ಮೈಕಿನ ಮುಂದೆ ಕೂತು ನೀರಿನ ವೇಳೆ ಹೇಳಿದ ಮೇಲೆ ಇಷ್ಟು ಸೇರಿಸಿದೆ: "ನಮ್ಮ ಸದ್ದಿನಿಂದ ನಿಮಗೆ ತೊಂದರೆಯಾಗಿದೆ ಎಂದು ನೀವೇ ದೂರು ಕೊಟ್ಟಿದ್ದೀರಂತೆ. ಒಂದನೇ ತಾರೀಖಿನಿಂದ ತೊಂದರೆ ಇರುವುದಿಲ್ಲ. ದೂರು ಕೊಟ್ಟವರು ಹಾಯಾಗಿರಲಿ."

ಮರುದಿನ ಬೆಳಿಗ್ಗೆ ಬಸ್ಸಿಳಿದು ಬರುವಷ್ಟರಲ್ಲಿ ಗೇಟಿನ ಮುಂದೆ ಇಡೀ ಓಣಿ ನಿಂತಿತ್ತು. ಭಟ್ಟಿಯ ಬೂದಿ ಮೈಮೇಲೆ ಹಾಗೇ ಇತ್ತು. ಅಂಗಡಿ ಅಜ್ಜ ಮುಂದೆ.

"ಯಾರ್ರೀ ಕಂಪ್ಲೇಂಟ್ ಕೊಟ್ಟೋರು? ನಾವಾ?" ಎಂದು ನನ್ನನ್ನೇ ಹಿಡಿದುಕೊಂಡರು. "ಹಿಂಗೆ ಮೈಕ್‌ನಾಗೆ ನಮ್ಮ ಮರ್ಯಾದಿ ತೆಗಿಬೌದೇನವ್ವ ನೀನು?"

ನಾನು ಪ್ರಿನ್ಸಿಪಾಲರ ಮಾತನ್ನು ಇದ್ದಂತೆ ಹೇಳಿದೆ. ಅಜ್ಜ ಹೂಂ ಅಂದರು. "ಹಂಗಾರೆ ಬರವಣಿಗಿಯಾಗೆ ಕೊಡಾನ. ತೊಂದ್ರಿ ಇಲ್ಲ ಅಂತ ನಾವೇ ಬರ್ದು ಕೊಟ್ರೆ ಅವ್ರು ಏನು ಮಾಡಾಕೆ ಬರ್ತೈತೆ? ನೀ ಬರಿ. ನಾವು ಸಹಿ ಹಾಕ್ತೀವಿ."

ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳು, ನನ್ನ ಕನ್ನಡದ ಮೇಲೆ ನನಗೆ ಜಂಬ. ಒಂದು ಹಾಳೆ ಬರೆದುಕೊಂಡು ಓಣಿಗೆ ಹೋದೆ. ಸದ್ದಿನಿಂದ ನಮಗೆ ತೊಂದರೆ ಇಲ್ಲ, ಹಾರ್ನು ನಮ್ಮ ಕಡೆ ತಿರುಗಿಸಿದ ಮೇಲೆ ನೀರಿನ ವೇಳೆ ತಿಳಿಯುವುದರಿಂದ ನಮ್ಮ ಹೆಣ್ಣುಮಕ್ಕಳು ಶಾಲೆ ತಪ್ಪಿಸದೆ ಹೋಗುತ್ತಿದ್ದಾರೆ, ಇಷ್ಟು. ಖಾಲಾ ಹೆಬ್ಬೆಟ್ಟು ಒತ್ತಿದಳು. ಮಗಳು ಪಕ್ಕದಲ್ಲಿ ನಿಂತು ತಾಯಿಯ ಹೆಸರನ್ನು ಹೆಬ್ಬೆಟ್ಟಿನ ಕೆಳಗೆ ದುಂಡಗೆ ಬರೆದಳು.

ಪಕ್ಕದ ಮನೆಯವನು ಓದಿಸಿ ಕೇಳಿ ಪೆನ್ನು ಕೆಳಗಿಟ್ಟ. "ನಮ್ಮ ಮೇಕಿ ಸಿಕ್ಕಿದ್ದು ಬರ್ದೇ ಇಲ್ವಲ್ಲ. ರೇಡಿಯೋದಾಗೆ ಹೇಳಿದ್ಮ್ಯಾಲೇ ತಾನೆ ಸಿಕ್ಕಿದ್ದು?"

ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಒಬ್ಬ ಚಿಕ್ಕಪ್ಪನ ಹೆಸರು ಬಿಟ್ಟರೆ ಆ ಕವಲಿನವರು ಮದುವೆಗೇ ಬರುವುದಿಲ್ಲ. ಅರ್ಜಿಯೂ ಹಾಗೇ ಆಯಿತು. ಮೇಕೆ ಸೇರಿಸಿದೆ. ಅದರಾಚೆ ಮನೆಯವರು ತಮ್ಮ ಅತ್ತೆಯ ಮಣ್ಣಿನ ಹೊತ್ತು ರೇಡಿಯೋದಲ್ಲಿ ಹೇಳಿದ್ದಕ್ಕೇ ಬಂಧುಗಳು ಮುಖ ನೋಡಲು ಸಿಕ್ಕಿದ್ದು ಅಂದರು. ಅದನ್ನೂ ಸೇರಿಸಿದೆ. ಪೋಲಿಯೋ ಹನಿ, ಕರೆಂಟು, ಮೆಕ್ಕೆಜೋಳದ ರೇಟು. ಕೊನೆಗೆ ಅಜ್ಜ ಕೆಮ್ಮಿದರು. "ಉಕ್ಕಡಗಾತ್ರಿ ಬಸ್ಸಿಂದು ಒಂದು ಸಾಲು ಇರ್ಲವ್ವ. ದೇವ್ರ ಕೆಲ್ಸ ಅದು." ಒಂದು ಹಾಳೆ ನಾಲ್ಕಾಯಿತು. ಪ್ರತಿ ಮನೆಗೂ ಒಂದು ಸಾಲು, ಪ್ರತಿ ಸಾಲಿಗೂ ಒಂದು ಸಹಿ. ನಾನು ಪ್ರತಿ ಸಲವೂ ವಾಕ್ಯವನ್ನು ಇನ್ನಷ್ಟು ಚಂದ ಮಾಡಿ ಬರೆದೆ.

ಅದನ್ನು ಅವತ್ತು ಹರಿಹರಕ್ಕೆ ಒಯ್ದು ಅಪ್ಪನಿಗೆ ತೋರಿಸಿದೆ. ಹೊಗಳಲಿ ಎಂದೇ ತೋರಿಸಿದ್ದು. ಅಪ್ಪ ಫ್ಯಾಕ್ಟರಿಯ ಯೂನಿಯನ್ನಿನಲ್ಲಿ ವರ್ಷಗಟ್ಟಲೆ ಅರ್ಜಿ, ನೋಟೀಸು, ಉತ್ತರ ನೋಡಿದವರು. ಊಟ ನಿಲ್ಲಿಸಿ, ಎಡಗೈಯಲ್ಲಿ ಹಾಳೆ ಹಿಡಿದು ಪೂರ್ತಿ ಓದಿದರು.

"ಅವ್ರು ಕೇಳಿದ್ದು ಏನು?"

"ಸದ್ದಿಂದ ತೊಂದ್ರೆ ಐತೋ ಇಲ್ವೋ ಅಂತ."

"ಅಷ್ಟಕ್ಕೆ ಉತ್ತರ ಕೊಡು. ಉಳಿದದ್ದು ಯಾಕ ಹೇಳಾಕೆ ಹೋಗ್ತಿ? ಕೇಳ್ದೆ ಇದ್ದದ್ದು ಹೇಳಬಾರ್ದು ತಂಗಿ, ಆಫೀಸಿನಾಗೆ."

ನನಗೆ ಸಿಟ್ಟು ಬಂತು. ನಿಮಗೆ ಯೂನಿಯನ್ನಿನ ಭಾಷೆ ಮಾತ್ರ ಗೊತ್ತು, ಜನರ ಮನಸ್ಸು ಗೊತ್ತಿಲ್ಲ ಅಂದೆ. ಅಪ್ಪ ಹಾಳೆ ವಾಪಸ್ ಕೊಟ್ಟು ಅನ್ನಕ್ಕೆ ಸಾರು ಕಲಸಿಕೊಂಡರು.

ಬರಿಗೈಯಲ್ಲಿ ಹೋಗಿ ಕೇಳುವುದು ಓಣಿಯವರ ಪದ್ಧತಿ ಅಲ್ಲ. ಶಾಲು, ಮಾಲೆ, ಹಣ್ಣು, ಒಂದು ಮೂಟೆ ಹೊಸ ಮಂಡಕ್ಕಿ. ಅಜ್ಜ ಜರಿಯ ರುಮಾಲು ಸುತ್ತಿ ಬಂದಿದ್ದರು. ಪ್ರಿನ್ಸಿಪಾಲರ ಕೋಣೆಯಲ್ಲಿ ಅವತ್ತು ಪಿ.ಜೆ. ಬಡಾವಣೆಯ ಒಬ್ಬರು ವಕೀಲರೂ ಕೂತಿದ್ದರು. ಅವರು ಆಡಳಿತ ಮಂಡಳಿಯ ಸದಸ್ಯರು. ಅರ್ಜಿ ಕೊಡುವ ಮೊದಲು ಅಜ್ಜ ಗುಮಾಸ್ತರ ಮೇಜಿನ ಮುಂದೆ ನಿಂತು ಹಟ ಹಿಡಿದರು. "ಮೊದ್ಲು ಸೀಲು ಒತ್ರಿ. ನಂಬರ್ ಹಾಕ್ರಿ. ಇಲ್ಲಾಂದ್ರೆ ನಾಳೆ ಕಸದ ಬುಟ್ಟಿಗೆ ಹೋಗ್ತೈತೆ, ನನಗೆ ಗೊತ್ತಿಲ್ಲೇನು." ನಾಲ್ಕೂ ಹಾಳೆಗೆ ಟಪ ಟಪ ಸೀಲು ಬಿತ್ತು.

ಪ್ರಿನ್ಸಿಪಾಲರಿಗೆ ಶಾಲು ಹೊದಿಸಿದರು, ಮಾಲೆ ಹಾಕಿದರು. ಅವರ ಮುಖ ಕೆಂಪಾಗಿತ್ತು. ಇಷ್ಟು ಜನ ಬಂದದ್ದು ನೋಡಿ ಅವರ ಮನಸ್ಸು ಕರಗಿದ್ದು ನಿಜ. "ಯಾರಿಗೂ ತೊಂದರೆ ಇಲ್ಲ ಅಂದ್ರೆ ಮುಂದುವರಿಸಬಹುದು ಬಿಡಿ, ಕಂಪ್ಯೂಟರಿಗೆ ಬೇರೆ ಕೋಣೆ ನೋಡೋಣ," ಎಂದು ವಕೀಲರ ಕಡೆ ತಿರುಗಿ ಅಂದೂಬಿಟ್ಟರು. ಆ ಮಾತನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ನಾವು ಅಲ್ಲಿಗೇ ಎದ್ದು ಬಂದಿದ್ದರೆ ಆಗುತ್ತಿತ್ತು.

ವಕೀಲರು ಆಗ ಅರ್ಜಿ ಓದುತ್ತಿದ್ದರು. ನಾಲ್ಕು ಹಾಳೆ, ನಿಧಾನವಾಗಿ, ಬೆರಳು ಇಟ್ಟುಕೊಂಡು.

"ಇದನ್ನ ಬರೆದವರು ಯಾರಮ್ಮ?"

"ನಾನೇ ಸಾರ್."

"ಬಹಳ ಚೆನ್ನಾಗಿ ಬರೆದಿದೀಯ," ಅಂದರು. ವ್ಯಂಗ್ಯ ಇರಲಿಲ್ಲ. ಆಮೇಲೆ ಪ್ರಿನ್ಸಿಪಾಲರಿಗೆ ಹೇಳಿದರು: "ಸಾರ್, ಕಾಂಪೌಂಡಿನ ಒಳಗೆ ನಮ್ಮ ಹುಡುಗರಿಗೆ ಕೇಳಿಸೋಕೆ ಮೈಕು ಇಟ್ಟುಕೊಂಡಿದೀವಿ ಅಂದ್ರೆ ಯಾರೂ ಕೇಳಲ್ಲ. ಇಲ್ಲಿ ನೋಡಿ. ದಿನಾ ಊರಿಗೆ ಸುದ್ದಿ ಹೇಳ್ತಾರೆ ಅಂತಿದೆ. ನೀರು, ಕರೆಂಟು, ರೇಟು, ಸಾವು. ಹಾರ್ನು ಹೊರಗೆ ತಿರುಗಿಸಿದಾರೆ ಅಂತಾನೂ ಇದೆ. ಇದಕ್ಕೆ ನಮ್ಮ ಹತ್ರ ಯಾವ ಪರವಾನಗಿ ಇದೆ? ನಾಳೆ ಯಾರಾದ್ರೂ ಕೇಳಿದ್ರೆ ನಮಗೆ ಗೊತ್ತೇ ಇಲ್ಲ ಅನ್ನೋಕೂ ಆಗಲ್ಲ. ಸೀಲಾಗಿದೆ, ನಂಬರಾಗಿದೆ, ಇಷ್ಟು ಜನರ ಸಹಿ ಇದೆ."

ಅಜ್ಜನಿಗೆ ಮೊದಲು ಅರ್ಥವಾಯಿತು. "ಹಂಗಾರೆ ಅದನ್ನ ವಾಪಸ್ ಕೊಡ್ರಿ. ಒಂದು ಸಾಲಿಂದು ಬೇರೆ ತರ್ತೀವಿ," ಅಂದರು.

"ಬರಲ್ಲ ಯಜಮಾನ್ರೇ. ನಂಬರ್ ಬಿದ್ದಿದೆ," ಅಂದರು ವಕೀಲರು.

ಒಂದನೇ ತಾರೀಖಿನವರೆಗೂ ಕಾಯುವ ಹಾಗಿಲ್ಲ, ಇವತ್ತಿಂದಲೇ ನಿಲ್ಲಿಸಬೇಕು ಎಂದಾಯಿತು. ಪ್ರಿನ್ಸಿಪಾಲರು ಮಾಲೆ ತೆಗೆದು ಮೇಜಿನ ಮೇಲಿಟ್ಟರು. ನನ್ನ ಮುಖ ನೋಡಲಿಲ್ಲ. ಗುಂಪಿನ ಹಿಂದೆ ನಿಂತಿದ್ದ ಖಾಲಾ ಪಕ್ಕದವಳನ್ನು ಕೇಳುತ್ತಿದ್ದಳು, "ಏನಾಯ್ತು, ಕೊಟ್ರಾ?" ಕಡೆಗೆ ಹೊರಗೆ ಬಂದ ಮೇಲೆ ನಾನೇ ಹೇಳಿದೆ. ಹೇಳುವಾಗ ಅತ್ತುಬಿಟ್ಟೆ. ಖಾಲಾ ಬೂದಿ ಮೆತ್ತಿದ ಸೆರಗಿನಲ್ಲೇ ನನ್ನ ಮುಖ ಒರೆಸಿದಳು. "ನೀ ಒಳ್ಳೇದೇ ಬರ್ದಿದ್ದೆ ಬೇಟಿ, ಸುಳ್ಳು ಒಂದೂ ಬರೀಲಿಲ್ಲ," ಅಂದಳು. ಅಜ್ಜ ಸೀಲು ಹಾಕಿಸಿದ್ದು ತನ್ನ ತಪ್ಪು ಎಂದು ದಾರಿಯುದ್ದಕ್ಕೂ ಅನ್ನುತ್ತಾ ಹೋದರು. ಯಾರಾದರೂ ಒಬ್ಬರು ನನ್ನನ್ನು ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಯಾರೂ ಬೈಯಲಿಲ್ಲ.

ಎರಡು ದಿನ ಬಿಟ್ಟು ಹಾರ್ನುಗಳನ್ನು ಇಳಿಸಿದರು. ನಾನು ಹಟಕ್ಕೆ ಬಿದ್ದೆ. ರೇಡಿಯೋ ಇಲ್ಲದಿದ್ದರೆ ಕಾಲಿಲ್ಲವೇ? ನಾಲ್ಕಕ್ಕೆ ಕ್ಯಾಂಟೀನಿಗೆ ಹೋಗಿ ನೀರು ಬಿಡುವವನನ್ನು ಕೇಳುವುದು, ಅಲ್ಲಿಂದ ಸುತ್ತು ಹಾಕಿ ಓಣಿಗೆ ಹೋಗಿ ಖಾಲಾಳಿಗೆ ಹೇಳುವುದು, ಖಾಲಾ ಉಳಿದವರಿಗೆ ಹೇಳುವುದು. ಒಂದೂವರೆ ತಿಂಗಳು ಹಾಗೆ ನಡೆಯಿತು. ಆಮೇಲೆ ಆ ಮನುಷ್ಯನನ್ನು ಕೆ.ಬಿ. ಬಡಾವಣೆಯ ಕಡೆಗೆ ಹಾಕಿದರು. ಅವನ ಜಾಗಕ್ಕೆ ಬಂದವನು ಚಹಾ ಕುಡಿಯುತ್ತಿರಲಿಲ್ಲ, ಮಾತೂ ಕಮ್ಮಿ. ಹುಡುಕಿಕೊಂಡು ಹೋಗಿ ಕೇಳಿದರೆ, "ಬಂದಾಗ ಬರ್ತೈತೆ, ಹಿಡ್ಕಳ್ರಿ," ಅಂದ. ಓಣಿಯ ಹುಡುಗಿಯರು ಮತ್ತೆ ಕೊಡದ ಹಿಂದೆ ಕೂತರು.

ಖಾಲಾಳ ಮಗಳು ಯೂನಿಫಾರಂ ಹಾಕಿಕೊಂಡೇ ಕೂರುತ್ತಿದ್ದಳು. ನೀರು ಬೇಗ ಬಂದರೆ ಮಧ್ಯಾಹ್ನದ ಹೊತ್ತಿಗಾದರೂ ಓಡಿಹೋಗಬಹುದು ಎಂದು. ಆದರೆ ಹಾಜರಿ ಕರೆಯುವುದು ಬೆಳಿಗ್ಗೆ. ಜನವರಿ ಮುಗಿಯುವ ಹೊತ್ತಿಗೆ ಅವಳ ಮೇಡಂ ಕರೆದು ಹೇಳಿದ್ದರು, ಇನ್ನು ಒಂದೇ ಒಂದು ದಿನ ತಪ್ಪಿದರೂ ಹಾಜರಿ ಸಾಲುವುದಿಲ್ಲ, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು. ಈ ವಿಷಯ ನನಗೆ ಗೊತ್ತಾದದ್ದು ಅಜ್ಜನ ಅಂಗಡಿಯಲ್ಲಿ. ಮರುದಿನ ಕ್ಲಾಸು ತಪ್ಪಿಸಿ ನಾನು ನೇರ ನಲ್ಲಿಯ ಹತ್ತಿರ ಹೋದೆ.

ಎಂಟೂವರೆ ಆಗಿತ್ತು. ಹುಡುಗಿ ಕೊಡ ಸಾಲಿಗಿಟ್ಟು ಕೂತಿದ್ದಳು. ಭಟ್ಟಿಯಲ್ಲಿ ಭತ್ತ ನೆನೆಹಾಕಲು ನೀರಿರಲಿಲ್ಲ. ಖಾಲಾಳಿಗೆ ಜ್ವರ ಬೇರೆ, ಆದರೂ ಬೆಂಕಿಯ ಮುಂದೆ ಇದ್ದಳು.

"ಏಳು," ಅಂದೆ. "ನೀ ಶಾಲೆಗೆ ಹೋಗು. ನಾ ಕೂಡ್ತೀನಿ."

"ನಿಮ್ಗೆ ಕ್ಲಾಸ್ ಐತಲ್ಲ ಅಕ್ಕ."

"ನಂದು ನಾ ನೋಡ್ಕೊಂತೀನಿ. ಹೋಗಂದ್ರೆ ಹೋಗು."

ಅವಳು ಓಡಿದಳು. ನಾನು ಕೊಡದ ಹಿಂದೆ ಕೂತೆ. ಬಿ.ಎ. ಓದುವ ಹುಡುಗಿ ನಲ್ಲಿ ಕಾಯುವುದು ನೋಡಿ ಓಣಿಯ ಹೆಂಗಸರು ನಕ್ಕರು, ಚಹಾ ತಂದುಕೊಟ್ಟರು, ಮಂಡಕ್ಕಿಗೆ ಖಾರ ಹಚ್ಚಿ ಕೊಟ್ಟರು. ಹನ್ನೆರಡಾಯಿತು. ಪಕ್ಕದಲ್ಲಿ ಹತ್ತು ವರ್ಷದ ಇನ್ನಿಬ್ಬರು ಹುಡುಗಿಯರು ಕಲ್ಲಾಟ ಆಡುತ್ತಾ ಕಾಯುತ್ತಿದ್ದರು. ಬಿಸಿಲು ಮೇಲೆ ಬಂದು ಆಮೇಲೆ ಗೋಡೆಯಾಚೆ ಹೋಯಿತು. ಒಂದು ದಿನ ಕೂತರೆ ಇಷ್ಟು ಬೇಸರ, ಸೊಂಟ ನೋವು, ಉಚ್ಚೆಗೆ ಏಳುವುದಕ್ಕೂ ಹೆದರಿಕೆ, ಎದ್ದಾಗಲೇ ಬಂದುಬಿಟ್ಟರೆ ಎಂದು. ಇಷ್ಟು ತಿಂಗಳು ಮೈಕಿನಲ್ಲಿ ಈ ನಲ್ಲಿಯ ಬಗ್ಗೆ ಮಾತಾಡಿದವಳಿಗೆ ಇದೊಂದೂ ಗೊತ್ತಿರಲಿಲ್ಲ. ನೀರು ಬರಲೇ ಇಲ್ಲ.

ಆರಕ್ಕೆ ಹುಡುಗಿ ಶಾಲೆಯಿಂದ ಬಂದಳು. ಕೊಡಗಳ ಒಳಗೆ ಒಂದೊಂದಾಗಿ ಬಗ್ಗಿ ನೋಡಿದಳು. ಅವತ್ತಿನ ಲೆಕ್ಕದ ಟೆಸ್ಟಿನಲ್ಲಿ ತನಗೇ ಹೆಚ್ಚು ಬಂದಿದೆ ಎಂದು ನಾಚಿಕೊಂಡು ಹೇಳಿದಳು. ಹಿಂದೆ ಬಂದು ಐದು ದಿನವಾಗಿತ್ತು, ನಾಳೆಯಂತೂ ನೀರು ಬಂದೇ ಬರುತ್ತದೆ, ಯಾರಾದರೂ ಕೂರಲೇಬೇಕು. ಅವಳೇ ಕೂತರೆ ಪರೀಕ್ಷೆ ಇಲ್ಲ ಅನ್ನುವುದೂ ಇಬ್ಬರಿಗೂ ಗೊತ್ತಿತ್ತು. ನಾಳೆ ನನಗೂ ಕಾಲೇಜಿನಲ್ಲಿ ಟೆಸ್ಟ್ ಇತ್ತು. ತಪ್ಪಿಸಿದ್ದರೆ ಇನ್ನೊಮ್ಮೆ ಬರೆಯಬಹುದಾಗಿದ್ದ ಸಣ್ಣ ಟೆಸ್ಟು.

"ನಾಳೆಗೆ ಬರಬ್ಯಾಡ್ರಿ ಅಕ್ಕ," ಅಂದಳು. "ನಿಮ್ಗೆ ಟೆಸ್ಟ್ ಐತೆ ಅಂತ ಅಜ್ಜ ಹೇಳಿದ್ರು. ನಾಳೆ ನಾನೇ ಕೂಡ್ತೀನಿ."

ನಾನು ಬೇಡ ಅನ್ನಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಬ್ಯಾಗು ತೆಗೆದುಕೊಂಡು ಹೊರಟೆ.